ಗಣಕಯಂತ್ರದ ಪ್ರತಿಗಳು ಮತ್ತು ಅವುಗಳ ರಕ್ಷಣೆ

ಇಂದು ಗ್ರಂಥಸಂಪಾದನೆಯಲ್ಲಿ ತೊಡಗಿರುವವರಲ್ಲಿ ಹೆಚ್ಚಿನವರು ಓಲೆಯ ಛಾಯಾಪ್ರತಿಯನ್ನು ಗಣಕಯಂತ್ರದಲ್ಲಿಟ್ಟುಕೊಂಡು ಅದರ ತೆರೆಯ ಮೇಲೆಯೇ ಓದುತ್ತಾರೆ. ಲಿಪ್ಯಂತರವನ್ನು ಅಲ್ಲಿಯೇ ಬರೆಯುತ್ತಾರೆ. ಪಾಠಾಂತರಗಳನ್ನೂ ಅಲ್ಲಿಯೇ ಗುರುತು ಮಾಡಿಕೊಳ್ಳುತ್ತಾರೆ. ಓಲೆಯನ್ನು ಕಾಪಾಡುವ ಕ್ರಮವನ್ನು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ. ಕಟ್ಟನ್ನು ಬಿಚ್ಚಿ ಗಾಳಿಗೊಡ್ಡುವುದು, ಧೂಳೊರಸಿ ನಿಂಬೆಹುಲ್ಲಿನ ಎಣ್ಣೆ ಸವರುವುದು, ಹೊಸ ವಸ್ತ್ರದಲ್ಲಿ ಸುತ್ತಿಡುವುದು ಮೊದಲಾದವು ಯಾರಿಗೂ ಹೊಸತಲ್ಲ. ಆದರೆ ಗಣಕಯಂತ್ರದೊಳಗಿನ ಪ್ರತಿಯನ್ನು ಕಾಪಾಡುವ ಕ್ರಮದ ಬಗ್ಗೆ ನಮ್ಮಲ್ಲಿ ಅಷ್ಟು ವಿಚಾರ ನಡೆದಿಲ್ಲ. ಅದು ಯಂತ್ರ ಬಲ್ಲವರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಈ ಉಪೇಕ್ಷೆಯ ಫಲವನ್ನು ಸ್ವತಃ ಅನುಭವಿಸಿದವನಾದ್ದರಿಂದ ಈ ವಿಷಯದಲ್ಲಿ ಕೆಲವು ಮಾತುಗಳನ್ನು ವಿದ್ವಾಂಸರ ಮುಂದಿಡಲು ಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶ್ರಾವಕ ಮನೆತನದಲ್ಲಿ ಶ್ರಾವಕಾಚಾರಕ್ಕೆ ಸಂಬಂಧಿಸಿದ ಕನ್ನಡ ಟೀಕೆಯೊಂದರ ಕಟ್ಟು ನನಗೆ ನೋಡಲು ದೊರೆಯಿತು. ೬೪ ಗರಿಗಳ ಚಿಕ್ಕ ಪ್ರತಿ. ಮನೆಯವರು ಅದನ್ನು ಹೊರಗೆ ಕೊಡಲೊಪ್ಪದೆ ಛಾಯಾಚಿತ್ರ ತೆಗೆದುಕೊಳ್ಳಲು ಮಾತ್ರ ಅನುಮತಿಯಿತ್ತರು. ಚಿತ್ರಗಳನ್ನು ಗಣಕಯಂತ್ರದಲ್ಲಿಯೂ ಒಂದು ಹೊರ ಡಿಸ್ಕಿನಲ್ಲಿಯೂ ಇಟ್ಟು, ಎರಡು ಪ್ರತಿಗಳಾದುವೆಂದು ನಿಶ್ಚಿಂತನಾದೆ. ಎರಡು ವರ್ಷಗಳ ಮೇಲೆ ಮತ್ತೆ ಹೋಗಿ ನೋಡಿದಾಗ ಹುಳುಗಳು ಆ ಕಟ್ಟಿನ ಬಹುಭಾಗವನ್ನು ತಿಂದಿದ್ದುವು. ಚಿತ್ರಗಳಾದರೂ ಇವೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆ ಮಳೆಗಾಲದ ಒಂದು ರಾತ್ರಿ ಮನೆಯ ಮಾಡು ಸೋರಿ ಮೇಜಿನ ಮೇಲಿದ್ದ ಯಂತ್ರವೂ ಅದೇ ಮೇಜಿನ ಸೆಳೆಖಾನೆಯಲ್ಲಿದ್ದ ಹೊರ ಡಿಸ್ಕೂ ನೀರಿನಲ್ಲಿ ನೆನೆದು ಕೆಟ್ಟುಹೋದುವು. ಹಿಂದೊಮ್ಮೆ ಲಿಪಿಯ ಅಭ್ಯಾಸಕ್ಕೆಂದು ಶಿಷ್ಯರೊಬ್ಬರಿಗೆ ಪೆನ್ ಡ್ರೈವಿನಲ್ಲಿ ಕೊಟ್ಟಿದ್ದ ೪೧ ಗರಿಗಳ ಚಿತ್ರಗಳು ಉಳಿದುವು. ಇನ್ನುಳಿದ ೨೩ ಗರಿಗಳಲ್ಲಿ ಹುಳು ಬಿಟ್ಟಷ್ಟನ್ನು ಮಾತ್ರ ಈಗ ಓದಬಹುದಾಗಿದೆ. ಸಂಪಾದನೆಯಲ್ಲಿ ಆ ಸ್ಥಳಗಳಿಗೆ ಚುಕ್ಕಿಗಳನ್ನು ಹಾಕುತ್ತಿದ್ದೇನೆ. ಆ ಅಕ್ಷರಗಳನ್ನು ನಾನು ಒಮ್ಮೆ ತೆರೆಯ ಮೇಲೆ ಓದಿದ್ದೆನೆಂಬುದು ಪಾಠನಿರ್ಣಯದಲ್ಲಿ ಪ್ರಮಾಣವಾಗಲಾರದು.

೧. ಪೂರ್ವಪರಂಪರೆ

ಪ್ರತಿಯನ್ನು ಹೆಚ್ಚಿಸಿ ಶ್ರುತವನ್ನು ಉಳಿಸಬೇಕೆಂಬ ವಿಚಾರ ನಮ್ಮ ಪರಂಪರೆಗೆ ಹೊಸದಲ್ಲ. ಶ್ರುತವು ತನ್ನೊಡನೆಯೇ ವಿಚ್ಛಿನ್ನವಾದೀತೆಂಬ ಭೀತಿಯಿಂದ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಅದನ್ನು ಉಪದೇಶಿಸಿದರು. ಅದು ಷಟ್ಖಂಡಾಗಮವಾಗಿ ಲಿಪಿಗೆ ಇಳಿಯಿತು. ಜ್ಯೇಷ್ಠ ಶುಕ್ಲ ಪಂಚಮಿಯಂದು ನಾವು ಆಚರಿಸುವ ಶ್ರುತಪಂಚಮಿ ಇದರ ಸ್ಮರಣೆಯೇ ಆಗಿದೆ. ಒಬ್ಬರ ನೆನಪಿನಲ್ಲಿದ್ದುದು ಇಬ್ಬರಿಗೆ ಸಂದು, ಬಾಯಿಂದ ಬಾಯಿಗೆ ಬಂದುದು ಓಲೆಗೆ ಇಳಿದುದು ಇಲ್ಲಿ ಗಮನಿಸತಕ್ಕ ಅಂಶ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಶಾಸ್ತ್ರದಾನ ಪ್ರಸಿದ್ಧವಾಗಿದೆ. ಶಾಂತಿಪುರಾಣ ನಮಗೆ ಉಳಿದು ಬಂದಿದೆ; ಅದೇ ಕವಿಯ ಭುವನೈಕರಾಮಾಭ್ಯುದಯ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ ರನ್ನನ ಪರಶುರಾಮಚರಿತವೂ ಹೆಸರಿನಿಂದ ಅಥವಾ ಬಿಡಿ ಪದ್ಯಗಳಿಂದ ಮಾತ್ರ ನಮಗೆ ತಿಳಿದಿವೆ. ಪ್ರತಿಗಳ ಸಂಖ್ಯೆಯೊಂದೇ ಇದಕ್ಕೆ ಕಾರಣವೆಂದು ಸಾಧಿಸಲಾಗದು. ಆದರೂ ಸಾವಿರ ಕಡೆಗೆ ಹೋದ ಗ್ರಂಥಕ್ಕೂ ಕೆಲವೇ ಕಡೆ ಉಳಿದ ಗ್ರಂಥಕ್ಕೂ ಅಪಾಯ ಸಮನಾಗಿರಲಾರದು.

ಸ್ಥಳದ ವಿಚಾರಕ್ಕೆ ಧವಲೆಯೇ ನಿದರ್ಶನ. ವೀರಸೇನಾಚಾರ್ಯರ ಆ ಮಹಾಟೀಕೆಯ ಓಲೆಪ್ರತಿಗಳು ಶತಮಾನಗಳ ಕಾಲ ಮೂಡಬಿದಿರೆಯ ಭಂಡಾರದಲ್ಲಿ ಮಾತ್ರ ಉಳಿದಿದ್ದುವು. ಅಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿಗಳಿದ್ದರೂ ಅವೆಲ್ಲ ಒಂದೇ ಊರಿನಲ್ಲಿದ್ದುವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಕಲುಗಳಾಗಿ, ಹೊರಗೆ ಹೋಗಿ, ೧೯೩೯ರಿಂದ ೧೯೫೮ರ ವರೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ೧೬ ಸಂಪುಟಗಳಲ್ಲಿ ಅಚ್ಚಾದ ಮೇಲೆಯೇ ಆ ಗ್ರಂಥ ಸ್ಥಳದ ಅಪಾಯದಿಂದ ಪಾರಾಯಿತು.

೨. ಅಪಾಯದ ವಿಧಗಳು

ಗಣಕಯಂತ್ರದಲ್ಲಿರುವ ಬರಹಕ್ಕೂ ಚಿತ್ರಕ್ಕೂ ಒದಗುವ ಅಪಾಯಗಳನ್ನು ಆರು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು ಉಪಕರಣದ ನಾಶ. ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಗಳೂ ಅವುಗಳ ಮೇಲೆ ಚಲಿಸುವ ಸೂಕ್ಷ್ಮವಾದ ಓದುಮೊನೆಯೂ ಇರುತ್ತವೆ. ಬಿದ್ದರೆ ಅಥವಾ ಸವೆದರೆ ಅವು ಕೆಡುತ್ತವೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ಭಾಗಗಳಿಲ್ಲ. ಆದರೆ ಅದು ವಿದ್ಯುದಂಶದ ರೂಪದಲ್ಲಿ ವಿಷಯವನ್ನು ಹಿಡಿದಿಡುವುದರಿಂದ, ವರ್ಷಗಟ್ಟಲೆ ವಿದ್ಯುತ್ತಿನ ಸಂಪರ್ಕವಿಲ್ಲದೆ ಕಪಾಟಿನಲ್ಲಿಟ್ಟರೆ ಅದನ್ನು ಕಳೆದುಕೊಳ್ಳುವ ಸಂಭವವಿದೆ. ಪೆನ್ ಡ್ರೈವು ಸಾಗಿಸಲು ಯೋಗ್ಯವೇ ಹೊರತು ಭಂಡಾರವಾಗಲು ಯೋಗ್ಯವಲ್ಲ. ಮನೆಯಲ್ಲಿಯೇ ಬರೆದ ಸಿಡಿಗಳಲ್ಲಿ ವಿಷಯವನ್ನು ಹಿಡಿದಿಡುವ ಬಣ್ಣದ ಪದರ ಕಾಲಕ್ರಮದಲ್ಲಿ ಕೆಡುತ್ತದೆ.

ಎರಡನೆಯದು ಹಸ್ತದೋಷ. ಬೇಡದ ಕಡತವೆಂದು ಬೇಕಾದುದನ್ನು ಅಳಿಸುವುದು, ಹಳೆಯದನ್ನು ಹೊಸದರ ಮೇಲೆ ಬರೆಯುವುದು ಇದಕ್ಕೆ ಸೇರುತ್ತವೆ. ಮೂರನೆಯದು ಸ್ಥಳದ ಅಪಾಯ: ಬೆಂಕಿ, ನೀರು, ಕಳವು. ನಾಲ್ಕನೆಯದು ದುರುದ್ದೇಶದ ತಂತ್ರಾಂಶ. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಅನೇಕ ದೇಶಗಳ ಗಣಕಯಂತ್ರಗಳೊಳಗೆ ಹೊಕ್ಕು, ಕಡತಗಳನ್ನು ಗೂಢಲಿಪಿಗೆ ಮಾರ್ಪಡಿಸಿ, ಬಿಡಿಸಲು ಹಣ ಕೇಳಿತು. ಇಂಥವು ಯಂತ್ರಕ್ಕೆ ಜೋಡಿಸಿಟ್ಟಿರುವ ಹೊರ ಡಿಸ್ಕನ್ನೂ ಬಿಡುವುದಿಲ್ಲ. ಐದನೆಯದು ಮೌನವಾಗಿ ಒದಗುವ ವಿಕಾರ: ಕಡತ ಇದ್ದಲ್ಲಿಯೇ ಇರುತ್ತದೆ, ಹೆಸರೂ ಇರುತ್ತದೆ, ಒಳಗಿನ ಅಂಶ ಮಾತ್ರ ಕೆಟ್ಟಿರುತ್ತದೆ. ಆರನೆಯದು, ಕಡತ ಕೆಡದೆ ಉಳಿದರೂ ಅದನ್ನು ಓದಬಲ್ಲ ಸಾಧನ ಇಲ್ಲವಾಗುವುದು. ಲಿಪಿಜ್ಞಾನ ನಷ್ಟವಾದ ಶಾಸನದ ಸ್ಥಿತಿಯೇ ಇದಕ್ಕೂ ಬರುತ್ತದೆ.

ಈ ಆರರಲ್ಲಿ ಒಂದನ್ನು ತಡೆಯುವ ಉಪಾಯ ಇನ್ನೊಂದನ್ನು ತಡೆಯುತ್ತದೆಂಬ ನಿಯಮವಿಲ್ಲ. ನಾನಿಟ್ಟಿದ್ದ ಎರಡು ಪ್ರತಿಗಳು ಮೊದಲನೆಯ ಅಪಾಯಕ್ಕೆ ಸಾಕಾಗಿದ್ದುವು. ಮೂರನೆಯದಕ್ಕೆ ಸಾಲದೆ ಹೋದುವು.

೩. ರಕ್ಷಾಪ್ರತಿಯ ಲಕ್ಷಣ

ಬ್ಯಾಕಪ್ ಎಂದು ಬಳಕೆಯಲ್ಲಿರುವುದನ್ನು ಈ ಲೇಖನದಲ್ಲಿ ರಕ್ಷಾಪ್ರತಿ ಎಂದು ಕರೆದಿದ್ದೇನೆ. ಇದಕ್ಕೆ ಇಂದು ಸರ್ವತ್ರ ಅಂಗೀಕೃತವಾದ ಒಂದು ಸೂತ್ರವಿದೆ: ಮೂರು, ಎರಡು, ಒಂದು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಎಂಬುವರು ಇದನ್ನು ಪ್ರಚಾರಕ್ಕೆ ತಂದರು. ಯಾವುದೇ ಕಡತದ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ದಿನನಿತ್ಯ ಕೆಲಸ ಮಾಡುವ ಪ್ರತಿಯೂ ಈ ಮೂರರಲ್ಲಿ ಸೇರಿರುತ್ತದೆ. ಬೇರೆ ಸ್ಥಳವೆಂದರೆ ಪಕ್ಕದ ಕೋಣೆಯಲ್ಲ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬುರ್ಗ್ ನಗರದ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ರಕ್ಷಾಪ್ರತಿಯನ್ನೂ ಅದೇ ಆವರಣದಲ್ಲಿಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸುವುದು ಅಗತ್ಯ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮೊದಲಾದ ಅಂತರಜಾಲದ ಭಂಡಾರಗಳು ನಮ್ಮ ಯಂತ್ರದ ಒಂದು ಕೋಶವನ್ನು ತಮ್ಮಲ್ಲಿರುವ ಕೋಶದೊಡನೆ ಸದಾ ಸರಿಹೊಂದಿಸುತ್ತಿರುತ್ತವೆ. ಇದನ್ನೇ ರಕ್ಷಾಪ್ರತಿಯೆಂದು ನಂಬಿದವರು ಅನೇಕರು. ಆದರೆ ಪಾಠಪರಂಪರೆಯನ್ನು ಬಲ್ಲವರಿಗೆ ಇದರ ದೋಷ ಕೂಡಲೇ ತೋರಬೇಕು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಮಾತೃಕೆಯ ತಪ್ಪನ್ನೂ ಹಂಚಿಕೊಳ್ಳುತ್ತವೆ. ಅವುಗಳ ಸಂಖ್ಯೆಯಿಂದ ಪಾಠಕ್ಕೆ ಬಲ ಬರುವುದಿಲ್ಲ. ಅಂತೆಯೇ ಯಂತ್ರದಲ್ಲಿ ಅಳಿಸಿದ ಪದ್ಯ ಅಂತರಜಾಲದ ಪ್ರತಿಯಲ್ಲಿಯೂ ಕ್ಷಣದಲ್ಲಿ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಗೆ ಹೋದ ಕಡತ ೩೦ ದಿನಗಳ ಮೇಲೆ ಶಾಶ್ವತವಾಗಿ ಇಲ್ಲವಾಗುತ್ತದೆ. ತಪ್ಪು ನಮಗೆ ತಿಳಿಯುವುದು ಮೂರು ತಿಂಗಳ ಅನಂತರವಾದರೆ ಆ ಬುಟ್ಟಿಯಿಂದ ಪ್ರಯೋಜನವಿಲ್ಲ.

ಆದುದರಿಂದ ರಕ್ಷಾಪ್ರತಿಗೆ ಎರಡು ಲಕ್ಷಣಗಳು ಅವಶ್ಯ. ಅದು ಕೆಲಸದ ಪ್ರತಿಯಿಂದ ಬೇರ್ಪಟ್ಟಿರಬೇಕು. ಹಿಂದಿನ ಸ್ಥಿತಿಗಳನ್ನೂ ಹಿಡಿದಿಟ್ಟಿರಬೇಕು. ಆಪಲ್ ಯಂತ್ರಗಳ ಟೈಮ್ ಮೆಷಿನ್, ವಿಂಡೋಸಿನ ಫೈಲ್ ಹಿಸ್ಟರಿ ಎಂಬ ಸೌಲಭ್ಯಗಳು ಹೊರ ಡಿಸ್ಕಿನಲ್ಲಿ ಕಡತಗಳ ಹಳೆಯ ಸ್ಥಿತಿಗಳನ್ನು ದಿನಾಂಕಸಹಿತ ಉಳಿಸುತ್ತವೆ. ಇವು ಬೇಡವೆನ್ನುವವರು ತಿಂಗಳಿಗೊಂದರಂತೆ ದಿನಾಂಕದ ಹೆಸರಿಟ್ಟ ಕೋಶದಲ್ಲಿ ಸಂಪಾದನೆಯ ಕಡತಗಳನ್ನು ನಕಲಿಸಿಡಬಹುದು. ಹಳೆಯ ಕೋಶವನ್ನು ಮತ್ತೆ ಮುಟ್ಟಬಾರದು.

೪. ಏನನ್ನು, ಎಷ್ಟು, ಎಷ್ಟು ದಿನಕ್ಕೊಮ್ಮೆ

ಎಲ್ಲವನ್ನೂ ಸಮನಾಗಿ ಕಾಪಾಡಲು ಹೊರಟವರು ಕೊನೆಗೆ ಯಾವುದನ್ನೂ ಕಾಪಾಡದೆ ಹೋಗುತ್ತಾರೆ. ಮೊದಲು ವಿಂಗಡಿಸಬೇಕು. ಬೇರೆಡೆ ದೊರೆಯುವಂಥವು ಒಂದು ವರ್ಗ: ಮುದ್ರಿತ ಗ್ರಂಥಗಳ ಪಿಡಿಎಫ್ ಪ್ರತಿಗಳು, ನಿಘಂಟುಗಳು, ತಂತ್ರಾಂಶಗಳು. ಇವಕ್ಕೆ ಒಂದು ಪ್ರತಿ ಸಾಕು. ಬೇರೆಲ್ಲಿಯೂ ದೊರೆಯದಂಥವು ಇನ್ನೊಂದು ವರ್ಗ: ಖಾಸಗಿ ಮನೆಗಳ ಓಲೆಗಳ ಚಿತ್ರಗಳು, ನಮ್ಮ ಲಿಪ್ಯಂತರ, ಪಾಠಾಂತರಗಳ ಪಟ್ಟಿ, ಸೂಚಿಗಳು, ವಿದ್ವಾಂಸರೊಡನೆ ನಡೆಸಿದ ಪತ್ರವ್ಯವಹಾರ. ಮೂರು, ಎರಡು, ಒಂದು ಎಂಬ ಸೂತ್ರ ಇವಕ್ಕೆ ತಪ್ಪದೆ ಅನ್ವಯಿಸತಕ್ಕದ್ದು.

ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ೨೦ ಅಂಗುಲ ಉದ್ದ, ೨ ಅಂಗುಲ ಅಗಲದ ಗರಿಯ ಒಂದು ಮಗ್ಗುಲನ್ನು ಅಂಗುಲಕ್ಕೆ ೬೦೦ ಬಿಂದುಗಳಂತೆ ಬಣ್ಣದಲ್ಲಿ, ಸಂಕೋಚವಿಲ್ಲದ ಟಿಫ್ ಚಿತ್ರವಾಗಿ ತೆಗೆದರೆ ಸುಮಾರು ೪೩ ಮೆಗಾಬೈಟ್ ಆಗುತ್ತದೆ. ೨೦೦ ಗರಿಗಳ ಗ್ರಂಥಕ್ಕೆ ೪೦೦ ಮಗ್ಗುಲುಗಳು, ಎಂದರೆ ಸುಮಾರು ೧೭ ಗಿಗಾಬೈಟ್. ಇಂಥ ೫೦ ಗ್ರಂಥಗಳು ಒಂದು ಟೆರಾಬೈಟಿನ ಡಿಸ್ಕನ್ನು ಬಹುಮಟ್ಟಿಗೆ ತುಂಬುತ್ತವೆ. ಅಷ್ಟನ್ನೂ ಸೆಕೆಂಡಿಗೆ ೨೦ ಮೆಗಾಬಿಟ್ ವೇಗದಲ್ಲಿ ಅಂತರಜಾಲಕ್ಕೆ ಕಳುಹಿಸಲು ಎಡೆಬಿಡದೆ ನಾಲ್ಕು ದಿನಗಳು ಬೇಕು. ಆದುದರಿಂದ ಚಿತ್ರಗಳಿಗೆ ಡಿಸ್ಕುಗಳೇ ಅನುಕೂಲ. ಲಿಪ್ಯಂತರದ ಸ್ಥಿತಿ ಬೇರೆ. ಯೂನಿಕೋಡಿನ ಯುಟಿಎಫ್-೮ ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ೩ ಬೈಟ್ ಹಿಡಿಯುತ್ತದೆ. ಐದು ಸಾವಿರ ಕಂದಪದ್ಯಗಳ ಲಿಪ್ಯಂತರವೂ ಎರಡು ಮೂರು ಮೆಗಾಬೈಟನ್ನು ಮೀರಲಾರದು. ಹತ್ತು ವರ್ಷಗಳ ಶ್ರಮ ಒಂದು ಗರಿಯ ಚಿತ್ರಕ್ಕಿಂತ ಕಡಿಮೆ ಸ್ಥಳದಲ್ಲಿ ಅಡಗುತ್ತದೆ. ಅದನ್ನು ಹತ್ತು ಕಡೆ ಇಡದಿರಲು ಕಾರಣವೇ ಇಲ್ಲ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಉತ್ತರ ನಮ್ಮಲ್ಲಿಯೇ ಇದೆ. ಎಷ್ಟು ದಿನಗಳ ಕೆಲಸ ಹೋದರೆ ಮತ್ತೆ ಮಾಡಲು ಸಿದ್ಧರಿದ್ದೇವೆ ಎಂದು ಕೇಳಿಕೊಳ್ಳಬೇಕು. ನಾನು ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ. ಲಿಪ್ಯಂತರದ ಕಡತವನ್ನು ಪ್ರತಿದಿನ ಸಂಜೆ ಅಂತರಜಾಲದ ಭಂಡಾರಕ್ಕೆ ದಿನಾಂಕದ ಹೆಸರಿನಲ್ಲಿ ಕಳುಹಿಸುತ್ತೇನೆ. ಎರಡು ಹೊರ ಡಿಸ್ಕುಗಳಿವೆ. ಒಂದಕ್ಕೆ ಪ್ರತಿ ಭಾನುವಾರ ಎಲ್ಲವನ್ನೂ ನಕಲು ಮಾಡಿ, ಕೂಡಲೇ ಯಂತ್ರದಿಂದ ಕಳಚಿ, ಎತ್ತರದ ಕಪಾಟಿನಲ್ಲಿಡುತ್ತೇನೆ. ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋದಾಗ ಎರಡನ್ನೂ ಅದಲುಬದಲು ಮಾಡುತ್ತೇನೆ. ಹೀಗೆ ಯಾವ ದಿನವೂ ಎರಡು ಡಿಸ್ಕುಗಳು ಒಂದೇ ಮಾಡಿನ ಕೆಳಗೆ ರಾತ್ರಿ ಕಳೆಯುವುದಿಲ್ಲ.

ಚಿತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮಠದವರಾಗಲಿ ಮನೆತನದವರಾಗಲಿ ಅಧ್ಯಯನಕ್ಕೆಂದು ಕೊಟ್ಟ ಚಿತ್ರಗಳನ್ನು ಅಂತರಜಾಲದಲ್ಲಿಡುವ ಮೊದಲು ಅವರ ಒಪ್ಪಿಗೆ ಪಡೆಯುವುದು ಧರ್ಮ. ಒಪ್ಪದಿದ್ದರೆ ಡಿಸ್ಕುಗಳಲ್ಲಿ ಮಾತ್ರ ಇಡಬೇಕು. ಒಂದು ಪ್ರತಿಯನ್ನು ಅವರಿಗೇ ಒಪ್ಪಿಸಬೇಕು. ನಾನು ಹಾಗೆ ಒಪ್ಪಿಸಿದ್ದರೆ ಆ ೨೩ ಗರಿಗಳು ಇಂದು ಉಳಿದಿರುತ್ತಿದ್ದುವು.

೫. ಶುದ್ಧಿಪರೀಕ್ಷೆ

ಇಟ್ಟ ಪ್ರತಿ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಗ್ರಂಥಾಂತ್ಯದಲ್ಲಿ ಗ್ರಂಥಪ್ರಮಾಣವನ್ನು ನಮೂದಿಸುವ ಪದ್ಧತಿ ನಮಗೆ ಪರಿಚಿತ. ೩೨ ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ, ಧವಲೆಯನ್ನು ೭೨,೦೦೦ವೆಂದೂ ಜಯಧವಲೆಯನ್ನು ೬೦,೦೦೦ವೆಂದೂ ಹೇಳುವುದು ಸಂಪ್ರದಾಯ. ನಕಲಿನ ಎಣಿಕೆ ಕಡಿಮೆ ಬಂದರೆ ಎಲ್ಲಿಯೋ ಓಲೆ ಬಿಟ್ಟಿದೆಯೆಂದು ತಿಳಿಯುತ್ತಿತ್ತು. ಗಣಕಯಂತ್ರದಲ್ಲಿ ಇದೇ ಕೆಲಸಕ್ಕೆ ಎಸ್‌ಎಚ್‌ಎ-೨೫೬ ಎಂಬ ಗಣಿತವಿಧಾನವಿದೆ. ಅದು ಕಡತ ಎಷ್ಟೇ ದೊಡ್ಡದಾಗಿರಲಿ, ಅದರ ಅಂಶಗಳೆಲ್ಲವನ್ನೂ ಸಂಸ್ಕರಿಸಿ ೬೪ ಚಿಹ್ನೆಗಳ ಒಂದು ಮುದ್ರೆಯನ್ನು ಕೊಡುತ್ತದೆ. ಕಡತದಲ್ಲಿ ಒಂದು ಬಿಂದು ವ್ಯತ್ಯಾಸವಾದರೂ ಮುದ್ರೆ ಪೂರ್ತಿಯಾಗಿ ಬದಲಾಗುತ್ತದೆ. ಗ್ರಂಥಪ್ರಮಾಣದ ಎಣಿಕೆ ಬಿಟ್ಟುಹೋದ ಪಂಕ್ತಿಯನ್ನು ತೋರಿಸೀತು, ಪಕಾರ ವಕಾರಗಳ ಪಲ್ಲಟವನ್ನು ತೋರಿಸಲಾರದು. ಈ ಮುದ್ರೆ ಎರಡನ್ನೂ ತೋರಿಸುತ್ತದೆ. ದೋಷವಿರುವ ಸ್ಥಳವನ್ನು ಮಾತ್ರ ಹೇಳುವುದಿಲ್ಲ. ಚಿತ್ರಗಳನ್ನು ತೆಗೆದ ದಿನವೇ ಮುದ್ರೆಗಳ ಪಟ್ಟಿಯನ್ನು ಸಿದ್ಧಪಡಿಸಿಟ್ಟರೆ ಮುಂದೆ ಯಾವಾಗ ಬೇಕಾದರೂ ತಾಳೆ ನೋಡಬಹುದು. ಇದನ್ನು ಮಾಡುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ.

ಮುದ್ರೆ ಸರಿಬಂದರೂ ಪರೀಕ್ಷೆ ಮುಗಿಯಲಿಲ್ಲ. ರಕ್ಷಾಪ್ರತಿಯಿಂದ ಕಡತವನ್ನು ಹಿಂದಕ್ಕೆ ಪಡೆದು, ತೆರೆದು, ಓದಿ ನೋಡಬೇಕು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಕೆಲಸಗಾರರೊಬ್ಬರು ಮುಖ್ಯ ದತ್ತಸಂಗ್ರಹವನ್ನು ಕೈತಪ್ಪಿನಿಂದ ಅಳಿಸಿದರು. ಅಲ್ಲಿ ಹಲವು ಬಗೆಯ ರಕ್ಷಾಕ್ರಮಗಳಿದ್ದರೂ ಬಹುತೇಕ ಕೆಲಸ ಮಾಡುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಆಕಸ್ಮಿಕವಾಗಿ ಉಳಿದಿದ್ದ ಸುಮಾರು ಆರು ಗಂಟೆಗಳ ಹಿಂದಿನ ಒಂದು ಪ್ರತಿಯಿಂದ ಅವರು ಚೇತರಿಸಿಕೊಂಡರು. ಯಂತ್ರವನ್ನೇ ವೃತ್ತಿಯಾಗಿ ಉಳ್ಳವರಲ್ಲಿ ಹೀಗಾಗುವುದಾದರೆ ನಮ್ಮಂಥವರು ಪರೀಕ್ಷಿಸದೆ ನಂಬಿ ಕೂರುವುದು ಉಚಿತವಲ್ಲ. ಶ್ರುತಪಂಚಮಿಯಂದು ಓಲೆಗಳನ್ನು ಬಿಚ್ಚಿ ನೋಡುವಂತೆ ಡಿಸ್ಕುಗಳನ್ನೂ ಜೋಡಿಸಿ, ಹತ್ತಾರು ಕಡತಗಳನ್ನು ತೆರೆದು ನೋಡುವುದನ್ನು ಎರಡು ವರ್ಷಗಳಿಂದ ರೂಢಿಸಿಕೊಂಡಿದ್ದೇನೆ. ಹಳೆಯದಾದ ಡಿಸ್ಕನ್ನು ಅದು ಕೆಡುವ ಮೊದಲೇ ಹೊಸದಕ್ಕೆ ವರ್ಗಾಯಿಸಲು ಆ ದಿನವೇ ಯೋಗ್ಯ.

೬. ಅಕ್ಷರರೂಪದ ಪ್ರಶ್ನೆ

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ನಮ್ಮಲ್ಲಿ ಹೇರಳವಾಗಿವೆ. ಅವುಗಳ ಒಳಗೆ ಇರುವುದು ರೋಮನ್ ಮೊದಲಾದ ಬೇರೆ ಚಿಹ್ನೆಗಳ ಸಂಕೇತಗಳು. ಆ ಅಕ್ಷರಮಾದರಿ ಯಂತ್ರದಲ್ಲಿದ್ದರೆ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ಅದು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಮಾತ್ರ ಕಾಣುತ್ತದೆ. ಇಂಥ ಕಡತದ ಹತ್ತು ಪ್ರತಿಗಳಿದ್ದರೂ ರಕ್ಷಣೆಯಾಯಿತೆನ್ನಲಾಗದು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನವಿದೆ. ಹಳಗನ್ನಡದ ಱ, ೞ ಎರಡೂ ಅದರಲ್ಲಿವೆ. ೞಕಾರಕ್ಕೆ ಆ ಕೋಷ್ಟಕದಲ್ಲಿ ಕೊಟ್ಟಿರುವ ಇಂಗ್ಲಿಷ್ ಹೆಸರು ತಪ್ಪಾಗಿದ್ದರೂ ಅಕ್ಷರ ಸರಿಯಾಗಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಿ, ಅರ್ಕಾವತ್ತು, ಒತ್ತಕ್ಷರಗಳು, ಱ, ೞಗಳಿರುವ ಸ್ಥಳಗಳನ್ನು ಮೂಲದೊಡನೆ ತಾಳೆ ನೋಡಿ, ಮೂಲವನ್ನೂ ಮಾರ್ಪಟ್ಟುದನ್ನೂ ಒಟ್ಟಿಗೆ ಇಡತಕ್ಕದ್ದು.

ಚಿತ್ರಗಳಲ್ಲಿ ಟಿಫ್ ರೂಪವನ್ನೇ ಮೂಲವಾಗಿ ಉಳಿಸಬೇಕು. ಜೆಪೆಗ್ ಚಿತ್ರವನ್ನು ತಿದ್ದಿ ಉಳಿಸಿದಾಗಲೆಲ್ಲ ಅದರ ಸೂಕ್ಷ್ಮಾಂಶಗಳು ಕುಂದುತ್ತವೆ. ನಕಲಿನ ನಕಲಿನಲ್ಲಿ ಪಾಠ ಕೆಡುವಂತೆಯೇ ಇದೂ. ಕಡತದ ಹೆಸರಿನಲ್ಲಿ ಭಂಡಾರ, ಕಟ್ಟಿನ ಸಂಖ್ಯೆ, ಗರಿ, ಮಗ್ಗುಲು ಇಷ್ಟೂ ಇರಲಿ. ಯಂತ್ರ ತಾನಾಗಿ ಕೊಟ್ಟ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಮುಂದಿನವರಿಗೆ ಅದು ದಾರವಿಲ್ಲದ ಬಿಡಿ ಗರಿಗಳ ರಾಶಿಯಾಗುತ್ತದೆ.

೭. ನಮ್ಮ ಅನಂತರ

ಮನುಷ್ಯಾಯುಷ್ಯದ ಮಾತೂ ಇಲ್ಲಿ ಬರಬೇಕು. ಡಿಸ್ಕಿಗೆ ಗುಪ್ತಪದವನ್ನು ಹಾಕುವುದು ಕಳವಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಆ ಪದ ಒಬ್ಬರ ನೆನಪಿನಲ್ಲಿ ಮಾತ್ರ ಇದ್ದರೆ ಅವರೊಡನೆ ಗ್ರಂಥವೂ ಮುಚ್ಚಿಹೋಗುತ್ತದೆ. ಎರಡು ವರ್ಷ ಬಳಕೆಯಾಗದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಆದುದರಿಂದ ಎಲ್ಲಿ ಏನಿದೆ, ತೆರೆಯುವುದು ಹೇಗೆ ಎಂಬುದನ್ನು ಒಂದು ಕಾಗದದ ಮೇಲೆ ಬರೆದು, ನಂಬಿಕೆಯುಳ್ಳ ಶಿಷ್ಯರ ಅಥವಾ ಮನೆಯವರ ವಶಕ್ಕೆ ಕೊಟ್ಟಿರಬೇಕು. ಮುಗಿದ ಲಿಪ್ಯಂತರವನ್ನು ಅಚ್ಚಾಗುವ ವರೆಗೂ ತನ್ನಲ್ಲಿಯೇ ಇಟ್ಟುಕೊಳ್ಳದೆ ಒಂದು ಸಂಶೋಧನ ಸಂಸ್ಥೆಗೆ ಒಪ್ಪಿಸಬೇಕು. ಸಾಧ್ಯವಾದರೆ ಕಾಗದದ ಮೇಲೂ ಒಂದು ಪ್ರತಿ ತೆಗೆದಿರಿಸಬೇಕು. ಇನ್ನೊಬ್ಬರು ನೋಡಿಬಿಟ್ಟಾರೆಂಬ ಸಂಕೋಚ ನಮ್ಮಲ್ಲಿ ಕೆಲವರಿಗಿದೆ. ನನಗೂ ಇತ್ತು. ಆ ೪೧ ಗರಿಗಳು ಉಳಿದುದು ಅವನ್ನು ನಾನು ಬಚ್ಚಿಟ್ಟುದರಿಂದಲ್ಲ, ಒಬ್ಬರಿಗೆ ಕೊಟ್ಟುದರಿಂದ. ಶಾಸ್ತ್ರದಾನವನ್ನು ಹಿರಿಯರು ಪುಣ್ಯಕಾರ್ಯವೆಂದು ಹೇಳಿದರು. ಅದು ರಕ್ಷಣೆಯ ಉಪಾಯವೂ ಆಗಿತ್ತೆಂಬುದು ನನಗೆ ತಡವಾಗಿ ತಿಳಿಯಿತು.

ಈ ಕ್ರಮಗಳಲ್ಲಿ ಯಾವುದಕ್ಕೂ ವಿಶೇಷ ಯಂತ್ರಜ್ಞಾನ ಬೇಕಿಲ್ಲ. ಎರಡು ಡಿಸ್ಕುಗಳು, ವಾರಕ್ಕೆ ಒಂದು ಗಂಟೆ, ವರ್ಷಕ್ಕೆ ಒಂದು ದಿನ ಇಷ್ಟು ಸಾಕು. ವಿದ್ವಾಂಸರು ತಮ್ಮಲ್ಲಿರುವ ಅಪ್ರಕಟಿತ ಗ್ರಂಥಗಳ ಚಿತ್ರಗಳನ್ನೂ ಲಿಪ್ಯಂತರಗಳನ್ನೂ ಮುಂಬರುವ ಮಳೆಗಾಲಕ್ಕೆ ಮೊದಲೇ ಈ ದೃಷ್ಟಿಯಿಂದ ಒಮ್ಮೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.